ನೀರು ಕಾಣದ ನಕ್ಷೆ: ಹೊಳೆದಂಡೆಯ ಮೂರು ಗುಡಿಗಳ ಹವಾಮಾನ ಅಪಾಯವನ್ನು ಉಪಗ್ರಹದಿಂದ ಅಳೆಯಲು ಹೋದ ಒಂದು ಪ್ರಕರಣ

ಹಿನ್ನೆಲೆ

2019ರ ಆಗಸ್ಟ್‌ನಲ್ಲಿ ಪಶ್ಚಿಮ ಘಟ್ಟದ ಮಳೆಗೆ ಮಲಪ್ರಭಾ, ಘಟಪ್ರಭಾ, ಕೃಷ್ಣಾ ನದಿಗಳು ಒಟ್ಟೊಟ್ಟಿಗೆ ಉಕ್ಕಿದವು. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ನುಗ್ಗಿದ ಚಿತ್ರಗಳನ್ನು ನಾಡೆಲ್ಲ ನೋಡಿತು. ಆದರೆ ಅದೇ ನದಿಗಳ ದಂಡೆಯಲ್ಲಿ, ಪ್ರವಾಸಿಗರಾಗಲಿ ಕ್ಯಾಮೆರಾಗಳಾಗಲಿ ಸುಳಿಯದ ಊರುಗಳಲ್ಲಿ, ಬಾದಾಮಿ ಚಾಲುಕ್ಯರ ಮತ್ತು ಅವರ ನಂತರದ ಕಾಲದ ಸಣ್ಣಪುಟ್ಟ ಗುಡಿಗಳು ಎಷ್ಟೋ ಇವೆ. ಅವುಗಳಿಗೆ ಅಂದು ಏನಾಯಿತು ಎಂಬುದು ಆ ಊರಿನವರಿಗಷ್ಟೇ ಗೊತ್ತು. ಈ ಬರಹ ಅಂಥ ಒಂದು ಊರಿನ ಮೂರು ಗುಡಿಗಳ ಕುರಿತದ್ದು. ಊರಿನ ಹೆಸರು, ನದಿಯ ಹೆಸರು, ನಮ್ಮೊಂದಿಗೆ ಕೆಲಸ ಮಾಡಿದವರ ಮತ್ತು ಕೆಲಸ ವಹಿಸಿದ ಕಚೇರಿಯ ಗುರುತು ಇಲ್ಲಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಮ್ಮ ತಪ್ಪುಗಳನ್ನು ಮಾತ್ರ ಬದಲಿಸಿಲ್ಲ.

ನಮಗೆ ಬಂದ ಕೆಲಸ ಸರಳವಾಗಿ ತೋರುತ್ತಿತ್ತು. ಒಂದು ನದೀಕೊಳ್ಳದ ಒಂಬತ್ತು ಸ್ಮಾರಕ ತಾಣಗಳನ್ನು ಹವಾಮಾನ ಬದಲಾವಣೆಯ ಅಪಾಯದ ಪ್ರಕಾರ ಕ್ರಮವಾಗಿ ಜೋಡಿಸಿಕೊಡಬೇಕು. ಯಾವ ತಾಣಕ್ಕೆ ಮೊದಲು ಹಣ ಮತ್ತು ಜನ ಹೋಗಬೇಕು ಎಂಬುದನ್ನು ಆ ಪಟ್ಟಿ ನೋಡಿ ತೀರ್ಮಾನಿಸುತ್ತಾರೆ. ಉಪಗ್ರಹ ಮಾಹಿತಿಯನ್ನು ಕೊಳ್ಳಲು ಹಣವಿರಲಿಲ್ಲ. ಆದ್ದರಿಂದ ಯಾರಿಗಾದರೂ ಉಚಿತವಾಗಿ ಸಿಗುವ, ಯುರೋಪಿನ ಸೆಂಟಿನೆಲ್ ಮತ್ತು ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳು, ಉಚಿತ ಎತ್ತರದ ನಕ್ಷೆಗಳು ಮತ್ತು ಹವಾಮಾನ ಇಲಾಖೆಯ ಮಳೆಯ ಲೆಕ್ಕ, ಇಷ್ಟರಲ್ಲೇ ಕೆಲಸ ಮುಗಿಸಬೇಕಿತ್ತು. ತಂಡದಲ್ಲಿ ನಾವು ಮೂವರು: ದೂರಸಂವೇದಿಯ, ಅಂದರೆ ಉಪಗ್ರಹ ಚಿತ್ರಗಳನ್ನು ಓದುವ ಕೆಲಸ ನನ್ನದು, ಕಲ್ಲು ಮತ್ತು ಗಾರೆಯ ಕೆಲಸ ಬಲ್ಲ ಸಂರಕ್ಷಣಾ ಎಂಜಿನಿಯರ್ ಒಬ್ಬರು, ಶಾಸನ ಮತ್ತು ದೇವಾಲಯ ವಾಸ್ತುವನ್ನು ಓದಿಕೊಂಡ ಹಿರಿಯ ಸಂಶೋಧಕಿ ಒಬ್ಬರು.

ಈ ಬರಹದ ಮೂರು ಗುಡಿಗಳು ನದಿಯ ತಿರುವಿನ ಒಳದಂಡೆಯಲ್ಲಿವೆ. ಮರಳುಗಲ್ಲಿನ ಕಟ್ಟಡ. ಒಂದು ಬದಿಗೆ ಹೊಳೆ, ಅದರ ಅಂಚಿಗೆ ಬೇವು, ಹುಣಸೆ, ಜಾಲಿ ಮರಗಳ ಸಾಲು. ಇನ್ನೊಂದು ಬದಿಗೆ ಎರೆ ಮಣ್ಣಿನ ಹೊಲಗಳು. ದೊಡ್ಡ ಗುಡಿಯ ಉದ್ದ ಸುಮಾರು 20 ಮೀಟರ್, ಅಗಲ 12 ಮೀಟರ್. ಈ ಅಳತೆಯನ್ನು ನೆನಪಿನಲ್ಲಿಡಬೇಕು, ಮುಂದೆ ಬರುವ ತೊಡಕಿನ ಅರ್ಧ ಭಾಗ ಇದರಿಂದಲೇ ಹುಟ್ಟಿದೆ.

ಮೊದಲ ನಕ್ಷೆ

ನೆರೆಯನ್ನು ಗುರುತಿಸಲು ನಾನು ಸೆಂಟಿನೆಲ್-1ರ ರಾಡಾರ್ ಚಿತ್ರಗಳನ್ನು ಆರಿಸಿಕೊಂಡೆ. ಕಾರಣ ಸ್ಪಷ್ಟವಿತ್ತು. ಮಳೆಗಾಲದಲ್ಲಿ ಸಾಮಾನ್ಯ ಕ್ಯಾಮೆರಾದಂಥ ಉಪಕರಣವಿರುವ ಉಪಗ್ರಹಕ್ಕೆ ಮೋಡದ ಹೊರತು ಬೇರೇನೂ ಕಾಣುವುದಿಲ್ಲ. ರಾಡಾರ್ ಅಲೆ ಮೋಡವನ್ನು ದಾಟಿ ನೆಲ ಮುಟ್ಟಿ ಮರಳುತ್ತದೆ, ರಾತ್ರಿಯಲ್ಲೂ ಕೆಲಸ ಮಾಡುತ್ತದೆ. ನಿಂತ ನೀರು ಕನ್ನಡಿಯಂತೆ ಆ ಅಲೆಯನ್ನು ಆಚೆಗೆ ಚಿಮ್ಮಿಸುವುದರಿಂದ ಉಪಗ್ರಹಕ್ಕೆ ಏನೂ ಮರಳದೆ ಚಿತ್ರದಲ್ಲಿ ಆ ಜಾಗ ಕಪ್ಪಾಗುತ್ತದೆ. ನೆರೆಗೆ ಮುಂಚಿನ ಚಿತ್ರವನ್ನು ನೆರೆಯ ಚಿತ್ರದಿಂದ ಕಳೆದರೆ ಹೊಸದಾಗಿ ಕಪ್ಪಾದ ಜಾಗ ಎದ್ದು ಕಾಣುತ್ತದೆ. ಇದರ ಜೊತೆಗೆ ಯುರೋಪಿನ ಕೋಪರ್ನಿಕಸ್ ಯೋಜನೆಯ, ಒಂದು ಚೌಕ 30 ಮೀಟರ್ ಇರುವ ಎತ್ತರದ ನಕ್ಷೆಯಿಂದ ಪ್ರತಿ ತಾಣ ಹೊಳೆಯ ಪಾತ್ರಕ್ಕಿಂತ ಎಷ್ಟು ಮೇಲಿದೆ ಎಂದು ಲೆಕ್ಕ ಹಾಕಿದೆ. ಎರಡನ್ನೂ ಸೇರಿಸಿ ಪ್ರತಿ ತಾಣಕ್ಕೆ ಒಂದು ಅಂಕ ಕೊಟ್ಟೆವು.

ಈ ಮೂರು ಗುಡಿಗಳಿಗೆ ಒಂಬತ್ತರಲ್ಲಿ ಕೊನೆಯ ಸ್ಥಾನ ಬಂತು. 2019ರ ರಾಡಾರ್ ಚಿತ್ರಗಳಲ್ಲಿ ನೀರು ಗುಡಿಯ ಅಂಗಳದ ವರೆಗೆ ಬಂದ ಗುರುತಿರಲಿಲ್ಲ. ಎತ್ತರದ ನಕ್ಷೆಯಲ್ಲಿ ಗುಡಿಗಳಿಗೂ ಹೊಳೆಗೂ ನಡುವೆ ಒಂದು ಏರು ಕಾಣುತ್ತಿತ್ತು, ಹೊಳೆ ಅದನ್ನು ದಾಟಿ ಬರುವುದು ಕಷ್ಟ ಎಂಬಂತೆ. ಎರಡು ಬೇರೆ ಬೇರೆ ಮೂಲಗಳು ಒಂದೇ ಮಾತು ಹೇಳುತ್ತಿವೆ ಎಂಬ ಸಮಾಧಾನದಲ್ಲಿ ನಾನು ನಕ್ಷೆಗೆ ಹಸಿರು ಬಣ್ಣ ಬಳಿದೆ. ವರದಿಯ ಕರಡು ತಯಾರಾಯಿತು, ಅದನ್ನು ಮಂಡಿಸುವ ಸಭೆಯ ದಿನವೂ ಗೊತ್ತಾಯಿತು.

ಗೋಡೆಯ ಮೇಲಿನ ಗೆರೆ

ಆ ತಾಣಕ್ಕೆ ಹೋಗಿ ಬರಲೇಬೇಕೆಂದು ಹಟ ಹಿಡಿದವರು ನಮ್ಮ ಹಿರಿಯ ಸಂಶೋಧಕಿ. ಅಪಾಯವಿಲ್ಲ ಎಂದು ಬರೆಯುವ ಮೊದಲು ಆ ಜಾಗವನ್ನು ಒಮ್ಮೆ ಕಣ್ಣಾರೆ ನೋಡಬೇಕು, ಅಪಾಯವಿದೆ ಎಂದು ಬರೆದ ಕಡೆಗೆ ಹೇಗೂ ಯಾರಾದರೂ ಹೋಗುತ್ತಾರೆ ಎಂಬುದು ಅವರ ವಾದ. ಈ ಮಾತನ್ನು ನಾನು ಈಗ ಪ್ರತಿ ಕೆಲಸದಲ್ಲೂ ನಿಯಮವಾಗಿ ಪಾಲಿಸುತ್ತೇನೆ. ಪಟ್ಟಿಯ ಕೊನೆಯಲ್ಲಿರುವ ತಾಣವನ್ನೇ ಮೊದಲು ನೋಡಬೇಕು, ಏಕೆಂದರೆ ಅಲ್ಲಿ ನಾವು ಮಾಡಿದ ತಪ್ಪನ್ನು ತಿದ್ದಲು ಆಮೇಲೆ ಯಾರೂ ಬರುವುದಿಲ್ಲ.

ಗುಡಿಯ ಬಾಗಿಲು ತೆರೆದುಕೊಟ್ಟ ಪೂಜಾರಿ ಮನೆತನದ ಅಜ್ಜ ಒಳಗಿನ ಕಂಬವೊಂದರ ಮೇಲೆ ಕೈಯಿಟ್ಟು ತೋರಿಸಿದರು. ನೆಲದಿಂದ ಸೊಂಟದ ಮಟ್ಟಕ್ಕೆ ಕಂದು ಗೆರೆಯೊಂದು ಕಂಬದಿಂದ ಕಂಬಕ್ಕೆ, ಅಲ್ಲಿಂದ ಗೋಡೆಗೆ ಒಂದೇ ಸಮನೆ ಹಾದುಹೋಗಿತ್ತು. "ಹೊಳಿ ಬಂದಾಗ ನೀರು ಇಲ್ಲೀಮಟ ಇತ್ತ ನೋಡ್ರಿ ಸಾಹೇಬ್ರ. ಎರಡ ದಿನ ನಿಂತು ಮೂರನೇ ದಿನಕ್ಕ ಇಳೀತು. ರಾಡಿ ತಗದು ಹಾಕಲಿಕ್ಕ ನಮಗ ತಿಂಗಳ ಹಿಡೀತು," ಎಂದರು. 2009ರ ಸೆಪ್ಟೆಂಬರ್ ಕೊನೆಗೆ ಶುರುವಾಗಿ ಅಕ್ಟೋಬರಿಗೆ ಮುಟ್ಟಿದ ಆ ದೊಡ್ಡ ಮಳೆಯಲ್ಲೂ ನೀರು ಒಳಗೆ ಬಂದಿತ್ತೆಂದು ಹೇಳಿ, ಅದರ ಗುರುತು ಇನ್ನೂ ಒಂದು ಗೇಣು ಕೆಳಗಿದೆಯೆಂದು ತೋರಿಸಿದರು.

ಎಲ್ಲಿ ಎಡವಿದೆವು ಎಂಬುದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸೆಂಟಿನೆಲ್-1ರ ಒಂದು ಉಪಗ್ರಹ ಅದೇ ಪಥಕ್ಕೆ ಮರಳಲು 12 ದಿನ ಬೇಕು. ಅಜ್ಜ ಹೇಳಿದಂತೆ ನೀರು ನಿಂತದ್ದು ಎರಡು ದಿನ. ನಮ್ಮ ಚಿತ್ರಗಳಲ್ಲಿ ಒಂದು ನೀರು ಏರುವುದಕ್ಕೆ ಮುಂಚಿನದು, ಇನ್ನೊಂದು ಇಳಿದ ಮೇಲಿನದು. ಅಂಗಳಕ್ಕೆ ನೀರು ಬಂದದ್ದನ್ನು ಉಪಗ್ರಹ ನೋಡಲೇ ಇಲ್ಲ. ನೋಡದೆ ಇದ್ದುದನ್ನು ನಾನು ಇಲ್ಲವೆಂದು ಓದಿಕೊಂಡೆ.

ಎತ್ತರದ ನಕ್ಷೆಯ ಏರೂ ನಿಜವಾಗಿರಲಿಲ್ಲ. ಆ ನಕ್ಷೆ ನೆಲದ ಎತ್ತರವನ್ನು ತೋರಿಸುವುದಿಲ್ಲ. ಮೇಲಿನಿಂದ ನೋಡಿದಾಗ ಮೊದಲು ಸಿಗುವ ಮೈಯ ಎತ್ತರವನ್ನು ತೋರಿಸುತ್ತದೆ. ಮರವಿದ್ದಲ್ಲಿ ಮರದ ನೆತ್ತಿಯೇ ಅದಕ್ಕೆ ನೆಲ. ಹೊಳೆಯ ಅಂಚಿನ ಹುಣಸೆ, ಬೇವಿನ ಸಾಲು ನಮ್ಮ ಲೆಕ್ಕದಲ್ಲಿ ಮಣ್ಣಿನ ದಿಬ್ಬವಾಗಿ ಕುಳಿತಿತ್ತು. ಇಷ್ಟಾಗಿ, ಉಪಗ್ರಹ ಆ ಎರಡು ದಿನಗಳಲ್ಲೇ ಹಾದುಹೋಗಿದ್ದರೂ ಗುಡಿಯ ಬುಡದ ನೀರು ಕಾಣುತ್ತಿತ್ತೇ ಎಂಬುದು ಅನುಮಾನ. ಕಲ್ಲಿನ ಗೋಡೆ ನೀರಿನಿಂದ ನೆಟ್ಟಗೆ ಎದ್ದಿರುವಲ್ಲಿ ರಾಡಾರ್ ಅಲೆ ನೀರಿಗೆ ತಾಗಿ ಗೋಡೆಗೆ ಪುಟಿದು ಮತ್ತೆ ಉಪಗ್ರಹಕ್ಕೇ ಮರಳುತ್ತದೆ, ಆಗ ಕಪ್ಪಾಗಬೇಕಾದ ಜಾಗ ಬೆಳ್ಳಗಾಗುತ್ತದೆ. ಆ ಚಿತ್ರದ ಒಂದು ಚೌಕ 10 ಮೀಟರ್ ಎಂದು ಬರೆದಿದ್ದರೂ ಅದು ನಿಜವಾಗಿ ಬೇರ್ಪಡಿಸಿ ನೋಡಬಲ್ಲದ್ದು ಸುಮಾರು 20 ಮೀಟರ್‌ಗಳನ್ನು. ನಮ್ಮ ದೊಡ್ಡ ಗುಡಿಯೇ 10 ಮೀಟರ್‌ನ ಎರಡೂವರೆ ಚೌಕವನ್ನು ತುಂಬುವುದಿಲ್ಲ.

ಎರಡು ಮೂಲಗಳು ಒಂದೇ ಮಾತು ಹೇಳಿದವು ಎಂದು ನಾನು ಸಮಾಧಾನಪಟ್ಟದ್ದು ಇಲ್ಲಿ ನನ್ನನ್ನು ಇಂದಿಗೂ ಕಾಡುವ ಸಂಗತಿ. ಅವು ಬೇರೆ ಬೇರೆ ಕಾರಣಗಳಿಗಾಗಿ ತಪ್ಪಿದ್ದವು, ಆ ತಪ್ಪುಗಳು ಒಂದೇ ಕಡೆಗೆ ವಾಲಿದ್ದವು, ಅಷ್ಟೆ.

ಪಟ್ಟಿಯನ್ನು ಹಿಂತೆಗೆದುಕೊಂಡದ್ದು

ಸಭೆಗೆ ಹತ್ತು ದಿನವಷ್ಟೇ ಉಳಿದಿತ್ತು. ಈ ಒಂದು ತಾಣದ ಅಂಕವನ್ನು ತಿದ್ದಿ ಉಳಿದ ಎಂಟನ್ನು ಹಾಗೆಯೇ ಮಂಡಿಸಬಹುದು ಎಂಬ ಸಲಹೆ ನಮ್ಮೊಳಗೇ ಬಂತು. ಅದನ್ನು ಹೇಳಿದವರ ಉದ್ದೇಶ ಕೆಟ್ಟದ್ದೇನೂ ಆಗಿರಲಿಲ್ಲ. ಆ ವರ್ಷದ ಹಣ ಮಾರ್ಚ್ ಒಳಗೆ ಖರ್ಚಾಗಬೇಕಿತ್ತು, ತಡವಾದರೆ ಯಾವ ಗುಡಿಗೂ ಏನೂ ಸಿಗುತ್ತಿರಲಿಲ್ಲ. ಆದರೆ ಒಂದನ್ನು ತಪ್ಪು ಎಂದು ತೋರಿಸಿದ ವಿಧಾನವೇ ಉಳಿದ ಎಂಟಕ್ಕೂ ಅಂಕ ಕೊಟ್ಟಿತ್ತು. ನಾವು ನೋಡಿ ಬಂದದ್ದು ಒಂದನ್ನು ಮಾತ್ರ.

ಕೊನೆಗೆ ನಾವು ಕ್ರಮಸಂಖ್ಯೆಯ ಪಟ್ಟಿಯನ್ನು ಪೂರ್ತಿ ತೆಗೆದುಹಾಕಿದೆವು. ಅದರ ಬದಲು ಪ್ರತಿ ತಾಣಕ್ಕೂ ಮೂರು ಕಲಮುಗಳ ಒಂದು ಪುಟ ಬರೆದೆವು: ಉಪಗ್ರಹ ಕಂಡದ್ದು, ಉಪಗ್ರಹ ಕಾಣಲಾರದ್ದು, ನೆಲದ ಮೇಲೆ ಕೇಳಿ ಅಳೆದು ತಿಳಿದದ್ದು. ಎಂಟು ತಾಣಗಳ ಮೂರನೆಯ ಕಲಮು ಖಾಲಿಯಿತ್ತು. ಖಾಲಿ ಕಲಮನ್ನು ಸಭೆಯ ಮುಂದಿಡುವುದು ಸುಲಭವಾಗಿರಲಿಲ್ಲ. ಬಣ್ಣದ ಪಟ್ಟಿ ನೋಡಲು ಬಂದವರಿಗೆ ನಿರಾಸೆಯಾಯಿತು. ಆದರೂ ಅಲ್ಲಿದ್ದ ಒಬ್ಬ ಅಧಿಕಾರಿ ಆ ಖಾಲಿ ಕಲಮುಗಳನ್ನೇ ಬೆರಳಿಟ್ಟು ತೋರಿಸಿ, ಇವನ್ನು ತುಂಬಲು ಎಷ್ಟು ದಿನ, ಎಷ್ಟು ಜನ ಬೇಕು ಎಂದು ಕೇಳಿದರು. ಮೊದಲ ಹಂತವಾಗಿ ಈ ಮೂರು ಗುಡಿಗಳ ಪೂರ್ಣ ಅಧ್ಯಯನಕ್ಕೆ ಒಪ್ಪಿಗೆ ಸಿಕ್ಕಿತು.

ಹೊಲದ ಬದಿಯ ಕಲ್ಲು

ಎರಡನೆಯ ಸುತ್ತಿನಲ್ಲಿ ಮೊದಲು ಮಾಡಿದ ಕೆಲಸಕ್ಕೆ ಉಪಗ್ರಹದ ಗೊಡವೆಯೇ ಇರಲಿಲ್ಲ. ಲೆವೆಲ್ ಯಂತ್ರ ಹಿಡಿದು ನೆರೆಯ ಗೆರೆಗಳನ್ನು, ಅಧಿಷ್ಠಾನದ (ಗುಡಿ ನಿಂತ ಕಲ್ಲಿನ ಪೀಠದ) ಮಟ್ಟವನ್ನು, ಹೊಳೆಯ ದಂಡೆಯನ್ನು, ಹೊಲಗಳನ್ನು ಒಂದೇ ಆಧಾರಬಿಂದುವಿನಿಂದ ಅಳೆದೆವು. ಮೇಲಿನ ಅಣೆಕಟ್ಟೆಯಿಂದ ಹೊರಬಿಟ್ಟ ನೀರಿನ ದಿನವಹಿ ಲೆಕ್ಕದೊಂದಿಗೆ ಆ ಗೆರೆಗಳನ್ನು ಹೋಲಿಸಿದಾಗ, ಎಷ್ಟು ನೀರು ಬಿಟ್ಟರೆ ಎಷ್ಟು ಹೊತ್ತಿಗೆ ಗುಡಿಯ ಮೊದಲ ಮೆಟ್ಟಿಲು ಮುಳುಗುತ್ತದೆ ಎಂಬ ಒರಟು ಅಂದಾಜು ಸಿಕ್ಕಿತು. ನೆರೆಯ ಅಪಾಯ ನಿಜ ಎಂಬುದು ಖಚಿತವಾಯಿತು. ನಾನು ಅಷ್ಟಕ್ಕೇ ಕೆಲಸ ಮುಗಿಯಿತೆಂದುಕೊಂಡಿದ್ದೆ.

ಮುಗಿಯಗೊಡದವರು ಸಂರಕ್ಷಣಾ ಎಂಜಿನಿಯರ್. ಅವರು ಮೂರು ದಿನ ಗುಡಿಗಳ ಸುತ್ತ ಕುಳಿತು, ಪ್ರತಿ ಕಲ್ಲನ್ನೂ ಬೆರಳಿನಿಂದ ತಟ್ಟಿ ಸದ್ದು ಕೇಳಿ, ಎಲ್ಲಿ ಟೊಳ್ಳು, ಎಲ್ಲಿ ಪದರ ಎದ್ದಿದೆ, ಎಲ್ಲಿ ಮರಳಾಗಿ ಉದುರುತ್ತಿದೆ ಎಂದು ಕಾಗದದ ಮೇಲೆ ಗುರುತು ಮಾಡಿದ್ದರು. ಆ ಕಾಗದವನ್ನು ನನ್ನ ನೆರೆಯ ನಕ್ಷೆಯ ಪಕ್ಕದಲ್ಲಿಟ್ಟಾಗ ಎರಡೂ ಹೊಂದಲಿಲ್ಲ. ನೆರೆ ಬಂದು ತಾಕುವುದು ಹೊಳೆಯ ಬದಿಗೆ, ಆದರೆ ಆ ಬದಿಯ ಕಲ್ಲುಗಳು ಬಹುಮಟ್ಟಿಗೆ ಗಟ್ಟಿಯಾಗಿದ್ದವು. ಸವೆತ ಅತಿ ಹೆಚ್ಚಾಗಿದ್ದದ್ದು ಹೊಲದ ಬದಿಗೆ. ಅಲ್ಲಿ ಅಧಿಷ್ಠಾನದ ಮೇಲಿನ ಪಟ್ಟಿಕೆಯಲ್ಲಿ ಆನೆಗಳ ಸಾಲೊಂದಿದೆ. ಐದಾರು ಆನೆಗಳ ಕಾಲು ಸೊಂಡಿಲುಗಳು ಆಗಲೇ ಉದುರಿಹೋಗಿ ಬರಿಯ ಬೆನ್ನಿನ ಗೆರೆಗಳು ಉಳಿದಿದ್ದವು. ಅವುಗಳ ಮೇಲೆ ಕೈಯಾಡಿಸಿದರೆ ಬೆರಳಿಗೆ ಬಿಳಿ ಹುಡಿ ಅಂಟುತ್ತಿತ್ತು, ನಾಲಗೆಗೆ ಉಪ್ಪು.

ಕಲ್ಲು ನೀರಿನಲ್ಲಿ ಎರಡು ದಿನ ಮುಳುಗಿದ್ದರಿಂದ ಹೀಗಾಗುವುದಿಲ್ಲ. ಬುಡದ ಮಣ್ಣಿನಲ್ಲಿ ಸದಾ ತೇವವಿದ್ದು, ಅದು ಬತ್ತಿಯಲ್ಲಿ ಎಣ್ಣೆ ಏರಿದಂತೆ ಕಲ್ಲಿನೊಳಗೆ ಏರಿ, ನೆಲದಿಂದ ಒಂದೆರಡು ಅಡಿ ಮೇಲೆ ಗಾಳಿಗೆ ಆರಿ, ಹೊತ್ತು ತಂದ ಲವಣವನ್ನು ಕಲ್ಲಿನ ರಂಧ್ರಗಳಲ್ಲೇ ಬಿಟ್ಟುಹೋದಾಗ ಹೀಗಾಗುತ್ತದೆ. ಉದಾಹರಣೆಗೆ ಸೋಡಿಯಂ ಸಲ್ಫೇಟ್ ನೀರು ಹೀರಿ ಮತ್ತೆ ಹರಳುಗಟ್ಟಿದಾಗ ಅದರ ಗಾತ್ರ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ಒದ್ದೆಯಾಗುವುದು, ಆರುವುದು, ಮತ್ತೆ ಒದ್ದೆಯಾಗುವುದು ಎಂಬ ಸುತ್ತು ಎಷ್ಟು ಸಲ ಆಗುತ್ತದೋ ಅಷ್ಟು ಸಲ ಒಳಗಿನ ಹರಳು ಕಲ್ಲನ್ನು ನೂಕುತ್ತದೆ.

ಇಲ್ಲಿಗೆ ನಮ್ಮ ಪ್ರಶ್ನೆಯೇ ಬದಲಾಯಿತು. ಹೊಳೆಯ ನೀರು ಗುಡಿಯನ್ನು ಮುಟ್ಟುತ್ತದೆಯೇ ಎಂದು ಕೇಳುತ್ತಿದ್ದೆವು. ಗುಡಿಯ ಬುಡ ವರ್ಷದಲ್ಲಿ ಎಷ್ಟು ತಿಂಗಳು ಹಸಿಯಾಗಿರುತ್ತದೆ, ಆ ಹಸಿ ಎಲ್ಲಿಂದ ಬರುತ್ತದೆ ಎಂದು ಕೇಳಬೇಕಾಯಿತು. ಮೊದಲ ಪ್ರಶ್ನೆಗೆ ಉಚಿತ ಉಪಗ್ರಹಗಳು ಸರಿಯಾದ ಸಾಧನವಾಗಿರಲಿಲ್ಲ, ಏಕೆಂದರೆ ಅದು ಎರಡು ದಿನದ, ಕೆಲವು ಮೀಟರ್‌ಗಳ ಪ್ರಶ್ನೆ. ಎರಡನೆಯದು ಹಲವು ವರ್ಷಗಳ, ಹಲವು ಎಕರೆಗಳ ಪ್ರಶ್ನೆ. ಉಪಗ್ರಹದ ಶಕ್ತಿ ಇರುವುದು ಅಲ್ಲಿಯೇ.

ಹಳ್ಳದ ಪಟ್ಟಿ

ನಾನು ಏಪ್ರಿಲ್ ತಿಂಗಳ ಚಿತ್ರಗಳನ್ನಷ್ಟೇ ಒಂದರ ಪಕ್ಕ ಒಂದಿಟ್ಟು ನೋಡಲು ಶುರುಮಾಡಿದೆ. ಈ ಭಾಗದಲ್ಲಿ ಹಿಂಗಾರಿನ ಬಿಳಿಜೋಳ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಕೊಯ್ಲಾಗುತ್ತದೆ. ಆಮೇಲೆ ಮುಂಗಾರಿನ ವರೆಗೆ ಎರೆ ಹೊಲ ಬಿರುಕು ಬಿಟ್ಟು ಒಣಗಿರುತ್ತದೆ. ಏಪ್ರಿಲ್‌ನಲ್ಲಿ ಹಸಿರಿದೆ ಎಂದರೆ ಯಾರೋ ನೀರು ಹಾಯಿಸುತ್ತಿದ್ದಾರೆ ಎಂದೇ ಅರ್ಥ. 1990ರ ದಶಕದ ಲ್ಯಾಂಡ್‌ಸ್ಯಾಟ್-5ರ ಚಿತ್ರಗಳಲ್ಲಿ ಗುಡಿಗಳ ಸುತ್ತಲಿನ ಹೊಲ ಏಪ್ರಿಲ್‌ನಲ್ಲಿ ಬೂದು ಬಣ್ಣದ್ದು. ಆಮೇಲೆ ಹೊಳೆಗೆ ಹತ್ತಿದ ಪಟ್ಟಿಗಳು ಒಂದೊಂದಾಗಿ ಹಸಿರಾಗುತ್ತವೆ. 2016ರಿಂದೀಚೆಗಿನ ಸೆಂಟಿನೆಲ್-2ರ 10 ಮೀಟರ್ ಚಿತ್ರಗಳಲ್ಲಿ ಗುಡಿಗಳ ಮೂರು ಬದಿಗೂ ವರ್ಷವಿಡೀ ಹಸಿರು. ಅದು ಕಬ್ಬು. ಹೊಳೆಯಿಂದ ಮೋಟಾರು ಹಚ್ಚಿ ಎತ್ತಿದ ನೀರು ಗುಡಿಯ ಹಿಂಬದಿಯ ಹೊಲಗಳಿಗೆ ತಿಂಗಳುಗಟ್ಟಲೆ ಹರಿಯುತ್ತಿತ್ತು.

ಹೊಲಗಳ ನಡುವೆ ಫೆಬ್ರುವರಿ ಚಿತ್ರಗಳಲ್ಲಿ ಹೊಳೆಯುವ ಬಿಳಿ ಮಚ್ಚೆಗಳೂ ಇದ್ದವು. ಒಣಗಿದ ಮಣ್ಣು, ರಾಶಿ ಮಾಡುವ ಕಣ, ಹೊಸದಾಗಿ ಹಾಸಿದ ರಸ್ತೆ ಎಲ್ಲವೂ ಮೇಲಿನಿಂದ ಬೆಳ್ಳಗೆ ಕಾಣಬಹುದಾದ್ದರಿಂದ ನಾವು ಒಂದೊಂದು ಮಚ್ಚೆಗೂ ನಡೆದು ಹೋಗಿ ಮಣ್ಣಿನ ಲವಣ ಅಳೆದೆವು. ಗುಡಿಗೆ ಹತ್ತಿರದ ಮಚ್ಚೆಗಳು ಸವಳು ನೆಲವೇ ಆಗಿದ್ದವು. ನೀರಾವರಿ ಬಂದ ಎರೆ ಭೂಮಿಯಲ್ಲಿ ಸವಳು (ಉಪ್ಪು), ಜವಳು (ನೀರು ಬಸಿಯದೆ ನಿಲ್ಲುವುದು) ಜೊತೆಯಾಗಿ ಬರುವುದು ನಮ್ಮ ಉತ್ತರ ಕರ್ನಾಟಕದ ರೈತರಿಗೆ ಹೊಸತಲ್ಲ. ಅದು ಪಕ್ಕದ ಗುಡಿಯ ಕಲ್ಲನ್ನೂ ತಿನ್ನುತ್ತದೆ ಎಂಬುದನ್ನು ಮಾತ್ರ ಯಾರೂ ಜೋಡಿಸಿ ನೋಡಿರಲಿಲ್ಲ.

ಒಂದು ಒಗಟು ಉಳಿದಿತ್ತು. ಹೊಳೆ ಪಕ್ಕದಲ್ಲೇ ಇದ್ದು, ನೆಲ ಅದರ ಕಡೆಗೆ ಇಳಿಜಾರಾಗಿದ್ದರೂ ಹೊಲದ ನೀರು ಬಸಿದು ಹೋಗದೆ ಗುಡಿಯ ಹಿಂದೆ ಏಕೆ ನಿಲ್ಲುತ್ತಿತ್ತು? ಉತ್ತರದ ತುದಿ ಸಿಕ್ಕಿದ್ದು ಕಳೆ ತೆಗೆಯುತ್ತಿದ್ದ ಒಬ್ಬ ತಾಯಿಯ ಮಾತಿನಲ್ಲಿ. ಈ ಹೊಲಕ್ಕೆ ಏನೆಂದು ಕರೆಯುತ್ತೀರಿ ಅವ್ವಾ ಎಂದು ನಮ್ಮ ಸಂಶೋಧಕಿ ಸುಮ್ಮನೆ ಕೇಳಿದ್ದಕ್ಕೆ ಅವರು, "ಇದಕ್ಕ ಹಳ್ಳದ ಪಟ್ಟಿ ಅಂತಾರ್ರಿ ಬಾಯಾರ. ನಮ್ಮ ಅತ್ತಿ ಕಾಲಕ್ಕ ಇಲ್ಲೆ ಹಳ್ಳ ಹರೀತಿತ್ತಂತ," ಎಂದರು. ಸುತ್ತ ಎಲ್ಲಿ ನೋಡಿದರೂ ಹಳ್ಳವಿರಲಿಲ್ಲ. ಸಪಾಟಾದ ಕಬ್ಬಿನ ಗದ್ದೆ.

ಅಮೆರಿಕದ ಕರೋನಾ ಬೇಹುಗಾರಿಕೆ ಉಪಗ್ರಹಗಳು 1960ರಿಂದ 1972ರ ವರೆಗೆ ಫಿಲ್ಮಿನಲ್ಲಿ ತೆಗೆದ ಚಿತ್ರಗಳನ್ನು 1995ರಲ್ಲಿ ಸಾರ್ವಜನಿಕರಿಗೆ ಬಿಡುಗಡೆ ಮಾಡಲಾಯಿತು. ಕೊನೆಯ ವರ್ಷಗಳ ಚಿತ್ರಗಳಲ್ಲಿ ಸುಮಾರು 2 ಮೀಟರ್ ಗಾತ್ರದ ವಸ್ತುಗಳೂ ಕಾಣುತ್ತವೆ. ಅವು ಬಣ್ಣವಿಲ್ಲದ, ಅಂಚುಗಳಲ್ಲಿ ಸೊಟ್ಟಗಾದ ಚಿತ್ರಗಳು. ಇಂದಿನ ನಕ್ಷೆಯ ಮೇಲೆ ಸರಿಯಾಗಿ ಕೂರಿಸಲು ನನಗೆ ಒಂದು ವಾರ ಹಿಡಿಯಿತು. ಕೂರಿಸಿದ ಮೇಲೆ ಹೊಲದ ಕಡೆಯಿಂದ ಬಂದು, ಗುಡಿಗಳ ಹಿಂಬದಿಯನ್ನು ಬಳಸಿ, ಕೆಳಗಡೆ ಹೊಳೆಗೆ ಸೇರುವ ಒಂದು ಕಪ್ಪು ಗೆರೆ ಕಂಡಿತು. ಹಳ್ಳದ ಪಟ್ಟಿಯ ಹಳ್ಳ. ಗುಡಿ ಕಟ್ಟಿದವರು ಹೊಳೆಗೂ ಹಳ್ಳಕ್ಕೂ ನಡುವಿನ ಎತ್ತರದ ನಾಲಗೆಯಂಥ ನೆಲವನ್ನು ನೋಡಿಯೇ ಆರಿಸಿಕೊಂಡಿದ್ದರು. ಬಿದ್ದ ಮಳೆ ಎರಡೂ ಕಡೆಗೆ ಬಸಿದು ಹೋಗುತ್ತಿತ್ತು. ಹೊಲಗಳನ್ನು ಮಟ್ಟ ಮಾಡುವಾಗ ಹಳ್ಳ ಮುಚ್ಚಿಹೋಗಿತ್ತು. ಆ ಕಪ್ಪು ಗೆರೆಯನ್ನು ಪರದೆಯ ಮೇಲೆ ನೋಡಿದ ಸಂಜೆ ನಮ್ಮ ಮೂವರಿಗೂ ಮಾತು ಹೊರಡಲಿಲ್ಲ.

ಬಳಸದೆ ಬಿಟ್ಟ ನಕ್ಷೆಗಳು

ಈ ಅಧ್ಯಯನದಲ್ಲಿ ತಯಾರಾಗಿಯೂ ವರದಿಗೆ ಸೇರದ ಕೆಲವು ನಕ್ಷೆಗಳಿವೆ. ರಾಡಾರ್ ಅಲೆಗಳ ಹಂತ (ಫೇಸ್) ವ್ಯತ್ಯಾಸದಿಂದ, ಅಂದರೆ ಮರಳಿದ ಅಲೆಯ ಏರುತಗ್ಗು ಒಂದು ಚಿತ್ರದಿಂದ ಇನ್ನೊಂದಕ್ಕೆ ಎಷ್ಟು ಸರಿದಿದೆ ಎಂಬುದರಿಂದ, ನೆಲದ ಮಿಲಿಮೀಟರ್ ಮಟ್ಟದ ಏರಿಳಿತ ಹೇಳುವ ವಿಧಾನವನ್ನು ಪ್ರಯತ್ನಿಸಿದೆವು. ಸೆಂಟಿನೆಲ್-1ರ ಅಲೆಯ ಉದ್ದ ಸುಮಾರು 5.6 ಸೆಂಟಿಮೀಟರ್, ಕಬ್ಬಿನ ಗರಿ ಗಾಳಿಗೆ ಅಲುಗಾಡಿದರೂ ಆ ಲೆಕ್ಕ ಕೆಡುತ್ತದೆ. ಎರೆ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವುದರಿಂದ ನೆಲ ತಾನಾಗಿಯೇ ಏರಿಳಿಯುತ್ತದೆ. ನಂಬಬಹುದಾದ ಬಿಂದುಗಳು ಗುಡಿಗಳ ಮೇಲೆ ಬೆರಳೆಣಿಕೆಯಷ್ಟೇ ಸಿಕ್ಕವು. ನಕ್ಷೆ ಬಣ್ಣಬಣ್ಣವಾಗಿ ಸೊಗಸಾಗಿತ್ತು, ಸಭೆಯಲ್ಲಿ ತೋರಿಸಿದ್ದರೆ ಎಲ್ಲರೂ ಮೆಚ್ಚುತ್ತಿದ್ದರು. ಗುಡಿ ಒಂದು ಮೂಲೆಗೆ ಕುಸಿಯುತ್ತಿದೆ ಎಂದು ಅದನ್ನು ಓದಿಕೊಂಡು ಯಾರಾದರೂ ಅಡಿಪಾಯ ಅಗೆಯಲು ಹೊರಟರೆ ಎಂಬ ಭಯಕ್ಕೆ ಅದನ್ನು ಕೈಬಿಟ್ಟೆವು. 2025ರ ಜುಲೈನಲ್ಲಿ ಶ್ರೀಹರಿಕೋಟದಿಂದ ಹಾರಿದ, ನಾಸಾ ಮತ್ತು ಇಸ್ರೋ ಜಂಟಿಯಾಗಿ ಮಾಡಿದ ರಾಡಾರ್ ಉಪಗ್ರಹ ನಿಸಾರ್‌ನ ಉದ್ದನೆಯ ಅಲೆಗಳು ಬೆಳೆಯ ನಡುವೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡಬಹುದೆಂಬ ಆಸೆ ನನಗಿದೆ.

ಲ್ಯಾಂಡ್‌ಸ್ಯಾಟ್-8ರ ಉಷ್ಣ ಚಿತ್ರದ ಚೌಕ 100 ಮೀಟರ್. ಅದರಲ್ಲಿ ಗುಡಿ, ಮರ, ಕಬ್ಬು, ಹೊಳೆ ಎಲ್ಲ ಕಲಸಿಹೋಗಿ ಬರುವ ಒಂದು ಸಂಖ್ಯೆ ಯಾವ ಕಲ್ಲಿನ ಬಿಸಿಯೂ ಅಲ್ಲ. ಅದನ್ನು ಬಿಟ್ಟು ಗುಡಿಯೊಳಗೆ, ಹೊರಗೆ ಉಷ್ಣಾಂಶ ಮತ್ತು ಆರ್ದ್ರತೆ ದಾಖಲಿಸುವ ಸಣ್ಣ ಉಪಕರಣಗಳನ್ನು ಇಟ್ಟೆವು.

ಹವಾಮಾನ ಬದಲಾವಣೆಯ ಭಾಗವನ್ನು ಬರೆಯುವಾಗ ಹೆಚ್ಚು ಚರ್ಚೆಯಾಯಿತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿದಿಡಬಲ್ಲದು. ಆದ್ದರಿಂದ ಸುರಿದಾಗ ಜೋರಾಗಿ ಸುರಿಯುವುದು, ನಡುವೆ ಬಿಸಿಲಿಗೆ ಬೇಗ ಆರುವುದು ಎರಡೂ ಹೆಚ್ಚಾಗುತ್ತವೆ ಎಂಬ ದಿಕ್ಕು ಸ್ಪಷ್ಟವಿದೆ. ಕಲ್ಲಿನೊಳಗಿನ ಲವಣಕ್ಕೆ ಬೇಕಾದದ್ದು ಇದೇ ಏರಿಳಿತ. ಆದರೆ ಮಳೆಯ ಲೆಕ್ಕದ ಒಂದು ಚೌಕ ಸುಮಾರು 25 ಕಿಲೋಮೀಟರ್, ಮುಂದಿನ ದಶಕಗಳ ಮಾದರಿಗಳ ಚೌಕವೂ ಹೆಚ್ಚುಕಡಿಮೆ ಅಷ್ಟೇ. ಇಷ್ಟು ದೊಡ್ಡ ಚೌಕದ ಸಂಖ್ಯೆಯನ್ನು 20 ಮೀಟರ್ ಗುಡಿಯ ಹೆಸರಿಗೆ ಬರೆಯುವುದು ಸರಿಯಲ್ಲವೆಂದು ದಿಕ್ಕನ್ನು ಬರೆದು ಸಂಖ್ಯೆಯನ್ನು ಬಿಟ್ಟೆವು. ಬುಡದ ಹಸಿ ಮನುಷ್ಯರಿಂದ ಬಂದದ್ದು. ಬದಲಾಗುವ ಮಳೆ, ಬಿಸಿಲು ಆ ಹಸಿಯ ಹಾನಿಯನ್ನು ಹೆಚ್ಚಿಸುತ್ತವೆ. ಎರಡನ್ನೂ ಬೇರೆ ಮಾಡಿ ಹೇಳದಿದ್ದರೆ ತಪ್ಪೆಲ್ಲ ಹವಾಮಾನದ ತಲೆಗೆ ಹೋಗಿ, ನಾಳೆಯೇ ಮಾಡಬಹುದಾದ ಕೆಲಸ ಕಣ್ಣಿಗೆ ಬೀಳುವುದಿಲ್ಲ.

ಊರಿನೊಂದಿಗೆ ಮಾತು

ಊರಿನವರ ಜೊತೆ ಮೊದಲ ಸಭೆ ಕೆಟ್ಟದಾಗಿ ನಡೆಯಿತು, ಅದರ ಹೊಣೆ ನನ್ನದು. ಕಬ್ಬಿನ ಹೊಲಗಳನ್ನು ಕೆಂಪು ಬಣ್ಣದಲ್ಲಿ ತೋರಿಸಿದ ನಕ್ಷೆಯನ್ನು ನಾನು ಗುಡಿಯ ಕಟ್ಟೆಯ ಮೇಲೆ ಹರಡಿದೆ. ತಮ್ಮ ಹೊಲ ಕೆಂಪಾಗಿರುವುದನ್ನು ಕಂಡ ರೈತರು ಭೂಮಿ ಕಿತ್ತುಕೊಳ್ಳಲು ಬಂದಿದ್ದಾರೆಂದೇ ತಿಳಿದರು. "ಕಬ್ಬ ತಗೀರಿ ಅಂದ್ರ ನಾವು ಏನ ಹಾಕೂಣ್ರಿ? ಸಾಲಾ ನೀವು ಕಟ್ಟತೀರೇನು?" ಎಂದು ಒಬ್ಬರು ಎದ್ದು ಹೋದರು. ಅವರ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಮುಂದಿನ ಸಲ ಸಂಶೋಧಕಿ ಬಣ್ಣದ ನಕ್ಷೆಯನ್ನು ಮನೆಯಲ್ಲೇ ಬಿಡಲು ಹೇಳಿ, ಕರೋನಾ ಚಿತ್ರವನ್ನಷ್ಟೇ ದೊಡ್ಡದಾಗಿ ಮುದ್ರಿಸಿ ತಂದರು. ಹಿರಿಯರು ಅದರ ಮೇಲೆ ಬಗ್ಗಿ, ಇದು ಇಂಥವರ ಬಾವಿ, ಇದು ಗಾಡಿದಾರಿ, ಇಲ್ಲಿ ದೊಡ್ಡ ಆಲದ ಮರವಿತ್ತು ಎಂದು ಬೆರಳಿಟ್ಟು ಹೇಳತೊಡಗಿದರು. ಹಳ್ಳ ಎಲ್ಲಿ ಹೊಳೆಗೆ ಕೂಡುತ್ತಿತ್ತೆಂಬುದನ್ನು ನಮಗಿಂತ ಖಚಿತವಾಗಿ ಅವರೇ ತೋರಿಸಿದರು. ಜವಳು ಹಿಡಿದು ಇಳುವರಿ ಕಳೆದುಕೊಂಡವರೂ ಅದೇ ಹಳ್ಳದ ಪಟ್ಟಿಯ ಮೂರು ಮನೆಗಳವರೆಂಬುದು ಆಗ ಗೊತ್ತಾಯಿತು. ಹಳ್ಳವನ್ನು ಬಸಿಗಾಲುವೆಯಾಗಿ ಮತ್ತೆ ತೆರೆದರೆ ಹೊಲವೂ ಉಳಿಯುತ್ತದೆ, ಗುಡಿಯೂ ಉಳಿಯುತ್ತದೆ ಎಂಬ ಮಾತು ಬಂದದ್ದು ಅವರಿಂದಲೇ. ಕಾಲುವೆಗೆ ಎಷ್ಟು ಅಗಲದ ನೆಲ ಯಾರ ಹೊಲದಿಂದ ಹೋಗಬೇಕೆಂಬುದು ತೀರ್ಮಾನವಾಗಲು ಎರಡು ಬೇಸಿಗೆ ಹಿಡಿಯಿತು.

ಆದದ್ದು, ಆಗದ್ದು

ಬಸಿಗಾಲುವೆ ಮುಕ್ಕಾಲು ಭಾಗ ಆಗಿದೆ. ಗುಡಿಯ ಹಿಂದಿನ ಬಾವಿಯ ನೀರಿನ ಮಟ್ಟವನ್ನು ಪೂಜಾರಿ ಮನೆಯ ಹುಡುಗಿ ವಾರಕ್ಕೊಮ್ಮೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಕಾಲುವೆ ತೆರೆದ ಮೇಲಿನ ಬೇಸಿಗೆಯಲ್ಲಿ ಮಟ್ಟ ಹಿಂದಿನ ಬೇಸಿಗೆಗಿಂತ ಕೆಳಗಿತ್ತು. ಆದರೆ ಆ ವರ್ಷ ಮಳೆಯೂ ಕಡಿಮೆಯಾಗಿತ್ತು, ಹಾಗಾಗಿ ಕಾಲುವೆಯಿಂದಲೇ ಇಳಿಯಿತೆಂದು ಬರೆಯಲು ಇನ್ನೂ ಎರಡು ಮೂರು ವರ್ಷದ ಅಳತೆ ಬೇಕು.

ಹಿಂದೊಮ್ಮೆ ದುರಸ್ತಿಗೆಂದು ಅಧಿಷ್ಠಾನದ ಸಂದುಗಳಿಗೆ ಸಿಮೆಂಟ್ ತುಂಬಿದ್ದರು. ಸಿಮೆಂಟ್ ಗಟ್ಟಿಯಾಗಿ ಸಂದಿನ ಮೂಲಕ ತೇವ ಹೊರಹೋಗಲು ಬಿಡದೆ, ಅದನ್ನು ಮೃದುವಾದ ಮರಳುಗಲ್ಲಿನ ಮೂಲಕವೇ ಆರುವಂತೆ ಮಾಡುತ್ತದೆ, ಮೇಲಾಗಿ ತನ್ನದೇ ಲವಣವನ್ನೂ ಸೇರಿಸುತ್ತದೆ. ಎಂಜಿನಿಯರ್ ಅದನ್ನು ಕೈ ಉಳಿಯಿಂದ ನಿಧಾನವಾಗಿ ತೆಗೆಸಿ ಸುಣ್ಣದ ಗಾರೆ ತುಂಬಿಸಿದರು. ಆನೆಗಳ ಸಾಲಿನ ಮೇಲೆ ಒದ್ದೆ ಕಾಗದದ ತಿರುಳನ್ನು ಮೆತ್ತಿ ಆರಿಸಿ ಉಪ್ಪು ಎಳೆಯುವ ಕೆಲಸವನ್ನು ಬಸಿಗಾಲುವೆ ಮುಗಿಯುವ ವರೆಗೆ ಬೇಡವೆಂದು ತಡೆಹಿಡಿದಿದ್ದಾರೆ. ಬುಡದಿಂದ ಹೊಸ ಉಪ್ಪು ಏರುತ್ತಲೇ ಇದ್ದರೆ ಹಾಗೆ ಎಳೆಯುವುದು ಇನ್ನಷ್ಟು ಉಪ್ಪನ್ನು ಮೇಲಕ್ಕೆ ಕರೆದಂತೆ ಎಂಬುದು ಅವರ ನಿಲುವು. ಈ ಕಾಯುವಿಕೆಯಲ್ಲಿ ಇನ್ನೊಂದು ಆನೆಯ ಮುಖ ಉದುರಿತು. ತೀರ್ಮಾನ ಸರಿಯಿತ್ತೆಂದು ಈಗಲೂ ನಂಬುತ್ತೇನೆ, ಆದರೂ ಆ ಚಿತ್ರ ಫೋನಿಗೆ ಬಂದ ದಿನ ನಾವು ಬಹಳ ನೊಂದೆವು.

ನೆರೆಯ ಮಟ್ಟಿಗೆ, ಅಣೆಕಟ್ಟೆಯಿಂದ ನೀರು ಬಿಡುವ ಸೂಚನೆ ಬಂದ ಕೂಡಲೇ ಉತ್ಸವಮೂರ್ತಿ, ದೀಪದ ಸಾಮಾನು, ಒಳಗಿಟ್ಟಿದ್ದ ಎರಡು ಬಿಡಿ ಶಿಲ್ಪಗಳನ್ನು ಯಾರು ಎಲ್ಲಿಗೆ ಸಾಗಿಸಬೇಕೆಂದು ಊರಿನವರೇ ಬರೆದು ಅಂಟಿಸಿದ್ದಾರೆ. ನೀರಿಳಿದ ಮೇಲೆ ರಾಡಿ ಒಣಗುವ ಮೊದಲೇ ತೆಗೆಯಬೇಕು, ಕಲ್ಲನ್ನು ಉಜ್ಜಬಾರದು, ಮೋಟಾರು ಪೈಪಿನಿಂದ ನೀರು ಹೊಡೆಯಬಾರದು ಎಂಬುದನ್ನೂ ಸೇರಿಸಿದ್ದಾರೆ.

ಉಳಿದ ಎಂಟು ತಾಣಗಳಲ್ಲಿ ಮೂರನೆಯ ಕಲಮು ತುಂಬಿರುವುದು ಮೂರಕ್ಕೆ ಮಾತ್ರ. ಅವುಗಳಲ್ಲಿ ಒಂದರಲ್ಲಿ ಮೊದಲ ನಕ್ಷೆ ಹೇಳಿದ್ದೇ ಸರಿಯಿತ್ತು. ಇನ್ನೆರಡರಲ್ಲಿ ನಾವು ಕೆಂಪು ಬಳಿದದ್ದು ಮರದ ನೆರಳು ಬಿದ್ದ ಒಣ ಹಳ್ಳಕ್ಕೆ ಮತ್ತು ಒಂದು ಕೃಷಿ ಹೊಂಡಕ್ಕೆ. ಐದು ತಾಣ ಬಾಕಿಯಿವೆ. ಅವುಗಳ ಕರೋನಾ ಚಿತ್ರಗಳನ್ನು ನಕ್ಷೆಯ ಮೇಲೆ ಕೂರಿಸಿಟ್ಟಿದ್ದೇನೆ, ಸುತ್ತಲಿನ ಹೊಲಗಳ ಹೆಸರುಗಳನ್ನು ಸಂಶೋಧಕಿ ಹಳೆಯ ಕಂದಾಯ ದಾಖಲೆಗಳಿಂದ ಬರೆದುಕೊಳ್ಳುತ್ತಿದ್ದಾರೆ. ಮುಂಗಾರು ಶುರುವಾಗುವ ಮೊದಲು ಲೆವೆಲ್ ಯಂತ್ರ ಹೊತ್ತುಕೊಂಡು ಎರಡು ಊರಿಗಾದರೂ ಹೋಗಿ ಬರಬೇಕು.